ಬೀದಿಯ ನೀರಿಗೆ ಒಂದು ಮೂಟೆ ಉಪ್ಪು

ಏಳು ಸಮುದ್ರ ದಾಟಿ ಗಿಳಿಯೊಳಗಿದ್ದ ರಾಕ್ಷಸನ ಪ್ರಾಣ ತಂದ ರಾಜಕುಮಾರನ ಕಥೆ ಎಲ್ಲರಿಗೂ ಗೊತ್ತು. ಹೆಂಡತಿಯ ತಲೆಗೂದಲಿಗಾಗಿ ಮೂಟೆ ಮೂಟೆ ಉಪ್ಪು ಹೊತ್ತವರ ಕಥೆಯನ್ನು ಮಾತ್ರ ಯಾವ ಅಜ್ಜಿಯೂ ಹೇಳಿಲ್ಲ. ಸಮುದ್ರ ದಾಟಿದವನಿಗೆ ಕೊನೆಗೆ ಅರ್ಧ ರಾಜ್ಯವಾದರೂ ಸಿಕ್ಕಿತು. ಉಪ್ಪು ಹೊತ್ತವರಿಗೆ ಸಿಕ್ಕಿದ್ದು ಏನೆಂದು ತಿಳಿಯಬೇಕಾದರೆ ಸ್ವಲ್ಪ ಹೊತ್ತು ಕೂರಬೇಕು.

ಊರು ಮುಗಿಯಿತು ಎಂದುಕೊಂಡ ಮೇಲೂ ಒಂದಿಷ್ಟು ಊರು ಉಳಿದಿರುತ್ತದಲ್ಲ, ಅಂಥ ಕಡೆ ಒಂದು ಬೀದಿ. ಎರಡೂ ಕಡೆ ಒಂದೇ ಅಚ್ಚಿನ ಮನೆಗಳು. ಬೀದಿಗೆಲ್ಲ ಸೇರಿ ಒಂದು ಕೊಳವೆಬಾವಿ, ಒಂದು ಎತ್ತರದ ತೊಟ್ಟಿ, ತೊಟ್ಟಿಯ ಕೆಳಗೆ ತಗಡಿನ ಬಾಗಿಲಿನ ಪಂಪ್ ಮನೆ. ಅಲ್ಲಿ ಬರುತ್ತಿದ್ದದ್ದು ಹೆಸರಿಗೆ ನೀರು, ಸ್ವಭಾವದಲ್ಲಿ ಕಲ್ಲು. ನಲ್ಲಿಗಳಿಗೆಲ್ಲ ಬಿಳಿ ಗಡ್ಡ ಬಂದಿತ್ತು. ಷವರಿನ ತೂತುಗಳು ಒಂದೊಂದಾಗಿ ಮುಚ್ಚಿಕೊಂಡು, ಉಳಿದ ಒಂದೆರಡು, ನಿಂತವರನ್ನು ಬಿಟ್ಟು ಎದುರಿನ ಗೋಡೆಗೆ ಸ್ನಾನ ಮಾಡಿಸುತ್ತಿದ್ದವು. ಬಕೆಟ್ಟು ಯಾವ ಬಣ್ಣದ್ದೆಂಬುದು ಕೊಂಡವರಿಗೇ ಮರೆತಿತ್ತು. ಸೋಪು ಉಜ್ಜಿದರೆ ನೊರೆಯ ಬದಲು ಒಡೆದ ಹಾಲಿನಂಥದ್ದು ಮೈಗೆ ಅಂಟಿಕೊಳ್ಳುತ್ತಿತ್ತು. ಕೆಟಲ್ಲಿನೊಳಗೆ ಸುಣ್ಣ ಪದರ ಪದರವಾಗಿ ಕಟ್ಟಿ, ಅಲ್ಲಾಡಿಸಿದರೆ ಮಗುವಿನ ಗಿಲಕಿಯಂತೆ ಸದ್ದು ಮಾಡುತ್ತಿತ್ತು.

ಪಂಪ್ ಮನೆಗೆ ಅಂಟಿದಂತೆ ಇದ್ದದ್ದು ನಮ್ಮ ಕಥಾನಾಯಕರ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಚಿತ್ರಗಳಿಗೆ, ಫೋಟೋಗಳಿಗೆ ಗಾಜು ಕೂರಿಸಿ ಕಟ್ಟು ಹಾಕಿಕೊಡುವುದು ಅವರ ಕಸುಬು. ಬೀದಿಯವರೆಲ್ಲ ಅವರನ್ನು ಫ್ರೇಮಿನವರು ಎನ್ನುತ್ತಿದ್ದರು. ಕೈ ಬಹಳ ಚೊಕ್ಕ. ಅವರು ಕೂಡಿಸಿದ ಮೂಲೆಯಲ್ಲಿ ಸೂಜಿ ತೂರಿಸಲು ಜಾಗವಿರುತ್ತಿರಲಿಲ್ಲ. ಬಾಯಿಯ ಮಾತು ಬೇರೆ. “ಗೊತ್ತಿಲ್ಲ” ಎಂಬ ಪದ ಆ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಅಂಗಡಿಯ ಮುಂದೆ ನಿಂತು ದಾರಿ ಕೇಳಿದವರಿಗೆಲ್ಲ ಅವರು ದಾರಿ ಹೇಳುತ್ತಿದ್ದರು. ಆ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ದಾರಿಗೆ ಬಿಟ್ಟ ವಿಷಯ.

ಒಂದು ಬೆಳಿಗ್ಗೆ ಅವರ ಹೆಂಡತಿ ಬಾಚಣಿಗೆ ಹಿಡಿದು ಅಂಗಡಿಗೆ ಬಂದು ನಿಂತರು.

“ಇದೇನು ಹೇಳಿ ನೋಡೋಣ.”

“ಬಾಚಣಿಗೆ.”

“ಅದರಲ್ಲಿರೋದು?”

“ಕೂದಲು.”

“ತಲೇಲಿ ಇನ್ನೆಷ್ಟಿದೆ ಅಂತ ನೀವೂ ನೋಡ್ತಿದ್ದೀರಿ. ಈ ನೀರು ಯಾಕ್ರೀ ಹೀಗೆ?”

ಫ್ರೇಮಿನವರು ಗಾಜು ಕೊಯ್ಯುವುದನ್ನು ನಿಲ್ಲಿಸಲಿಲ್ಲ. “ಅದು ಚಂದ್ರನ ಸೆಳೆತ. ಹುಣ್ಣಿಮೆ ಹತ್ರ ಬಂದಾಗ ನೀರು ಬಿಗಿಯಾಗುತ್ತೆ. ಕಳೆದ್ರೆ ಸರಿಹೋಗುತ್ತೆ.”

“ಹೋದ ತಿಂಗಳು ಪೈಪಿನ ತುಕ್ಕು ಅಂದಿದ್ರಿ.”

“ಎರಡೂ ಸೇರಿಕೊಂಡಿದೆ.”

ಹೆಂಡತಿ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಫ್ರೇಮಿನವರಿಗೆ ಧೈರ್ಯವಿರುತ್ತಿತ್ತು. ಹೆಂಡತಿ ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆ ತುಂಬಿಸಿದರು, ಊರಿನ ಇನ್ನೊಂದು ತುದಿಯಲ್ಲಿದ್ದ ಅಣ್ಣನಿಗೆ ಫೋನ್ ಮಾಡಿ ಕಾರು ತರಿಸಿದರು. ಹೊರಡುವಾಗ ಹೇಳಿದ್ದು ಇಷ್ಟೇ:

“ನೀರು ಮೆತ್ತಗಾದ ದಿನ ಫೋನ್ ಮಾಡಿ, ಬರ್ತೀನಿ. ಗಡಸು ಒಂದೇ ಆದ್ರೆ ಹೇಗೋ ಸಹಿಸಬಹುದು ಕಣ್ರೀ. ಒಂದು ಮನೇಲಿ ಎರಡೆರಡು ಆಗಲ್ಲ.”

ಎರಡನೆಯದು ಯಾವುದೆಂದು ಫ್ರೇಮಿನವರು ಅಂದು ಸಂಜೆಯವರೆಗೆ ಬಚ್ಚಲಿನಲ್ಲಿ ಹುಡುಕಿದರು. ಕೊನೆಗೆ ಗೀಸರ್ ಇರಬೇಕು ಎಂದು ತೀರ್ಮಾನಿಸಿದರು.

ಹೆಂಡತಿಯಿಲ್ಲದ ಮನೆಯಲ್ಲಿ ಗಂಡಸು ಒಂದೋ ಸಾಧುವಾಗುತ್ತಾನೆ, ಇಲ್ಲವೇ ಸಂಘದ ಕೆಲಸಕ್ಕೆ ಇಳಿಯುತ್ತಾನೆ. ಫ್ರೇಮಿನವರು ಇಳಿದರು. ಬೀದಿಯ ಸಂಘದ ಕಾರ್ಯದರ್ಶಿಯವರನ್ನು ಹಿಡಿದರು. ಈ ಕಾರ್ಯದರ್ಶಿಯವರ ತಲೆ ಚೆನ್ನಾಗಿ ತೊಳೆದಿಟ್ಟ ತಟ್ಟೆಯಂತಿತ್ತು. ಮನೆಯಲ್ಲಿ ಕಾಫಿ ಕೇಳುವಾಗಲೂ ಅವರು “ಸಂಘದ ಪರವಾಗಿ” ಎಂದೇ ಶುರುಮಾಡುತ್ತಿದ್ದರು.

“ನೀರನ್ನ ಮೆದು ಮಾಡೋ ಮೆಷಿನ್ ಬಂದಿದೆ,” ಎಂದರು ಫ್ರೇಮಿನವರು.

“ಅದು ಹೇಗೆ ಕೆಲಸ ಮಾಡುತ್ತೆ?”

“ಅದೆಲ್ಲ ನನಗೆ ಬಿಡಿ.”

ಬಿಟ್ಟರು. ಹೀಗೆ ಬಿಡುವವರೂ ಹೀಗೆ ಹಿಡಿಯುವವರೂ ಇರುವುದರಿಂದಲೇ ಲೋಕದಲ್ಲಿ ದೊಡ್ಡ ಕೆಲಸಗಳು ಆಗುವುದು.

ಮೆಷಿನ್ ಬಂತು. ಆಳೆತ್ತರದ ಒಂದು ನೀಲಿ ಉರುಳೆ, ಅದರ ಪಕ್ಕ ಮುಚ್ಚಳವಿರುವ ಒಂದು ದಪ್ಪ ಡ್ರಮ್ಮು. ತೊಟ್ಟಿಯಿಂದ ಮನೆಗಳಿಗೆ ಇಳಿಯುವ ಪೈಪಿಗೆ ಮೆಕ್ಯಾನಿಕ್ ಅದನ್ನು ಜೋಡಿಸಿದ. ಸದಾ ಇನ್ನೊಂದು ಮನೆಗೆ ತಡವಾಗಿರುವ ಜಾತಿಯ ಮೆಕ್ಯಾನಿಕ್ ಅವನು. ಸ್ಪ್ಯಾನರ್ ಚೀಲಕ್ಕೆ ಹಾಕುತ್ತಲೇ ಹೇಳಿದ:

“ಚಾಲೂ ಮಾಡಿದ್ದೀನಿ ಸಾರ್. ಇನ್ನೇನೂ ಮುಟ್ಟೋದು ಬೇಡ. ವಾರಕ್ಕೊಂದು ಮೂಟೆ ಉಪ್ಪು ತಂದು ಈ ಡ್ರಮ್ಮಿಗೆ ಸುರೀರಿ. ಬೇಕಾದಾಗ ಮೆಷಿನ್ನು ತಾನೇ ಕುಡ್ಕೊಳ್ಳುತ್ತೆ. ಉಪ್ಪು ಯಾಕೆ ಅಂತ ಎಲ್ಲಾರೂ ಕೇಳ್ತಾರೆ, ಅದಕ್ಕೆ—”

“ಗೊತ್ತು, ಗೊತ್ತು. ಕೇಳಿದ್ರೆ ನಾನೇ ಹೇಳ್ತೀನಿ ಬಿಡಿ.”

ಮೆಕ್ಯಾನಿಕ್ಕಿನ ಮುಖದಲ್ಲಿ ದೊಡ್ಡ ಭಾರ ಇಳಿದಂತಾಯಿತು. ಯಾಕೆಂದು ಆಮೇಲೆ ತಿಳಿಯುತ್ತದೆ. ಅವನು ಸ್ಕೂಟರ್ ಹತ್ತಿ ಹೋದ. ಮೆಷಿನ್ನು ಗುಳುಗುಳು ಎನ್ನುತ್ತ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಸಂಜೆ ಉದ್ಘಾಟನೆ ಇತ್ತು. ಪಂಪ್ ಮನೆಯ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಬೀದಿಯ ಜನವೆಲ್ಲ ಬಟ್ಟೆ ಬದಲಾಯಿಸಿ ಬಂದು ನಿಂತಿದ್ದರು. ಕಾರ್ಯದರ್ಶಿ ರಿಬ್ಬನ್ ಕತ್ತರಿಸಿದರು. ಎಲ್ಲರೂ ಒಳಗೆ ನುಗ್ಗಿದರು. ಒಳಗೆ ನೋಡಿದರೆ ಮೆಷಿನ್ನು ಆಗಲೇ ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತಿದೆ.

“ಇದೇನ್ರೀ,” ಎಂದರು ಕಾರ್ಯದರ್ಶಿ, ಊಟದ ಮನೆಗೆ ಬಂದಾಗ ಎಲೆ ಎತ್ತಿಟ್ಟಿದ್ದನ್ನು ಕಂಡವರಂತೆ. “ಉದ್ಘಾಟನೆ ಅಂದ್ಮೇಲೆ ಯಾರಾದ್ರೂ ಕೈಯಾರೆ ಚಾಲೂ ಮಾಡ್ಬೇಕು ತಾನೇ? ಸಂಘದ ಪರವಾಗಿ ಒಂದು ಫೋಟೋ ಬೇಡ್ವಾ?”

ಎಲ್ಲರೂ ಫ್ರೇಮಿನವರನ್ನು ನೋಡಿದರು. ಫ್ರೇಮಿನವರು ಮೆಷಿನ್ನನ್ನು ನೋಡಿದರು. ಪೈಪಿನ ಮೇಲೆ ಒಂದು ಕೆಂಪು ಹಿಡಿ ಇತ್ತು. ಇಡೀ ಕೋಣೆಯಲ್ಲಿ ಹಿಡಿದುಕೊಳ್ಳಲು ಯೋಗ್ಯವಾಗಿ ಕಂಡದ್ದು ಅದೊಂದೇ. ಅವರು ಅಂಗಿಯ ತೋಳು ಸರಿಮಾಡಿಕೊಂಡರು, ಕೆಮ್ಮಿದರು, ರಾಜ ಖಡ್ಗ ಎಳೆಯುವ ಗಾಂಭೀರ್ಯದಿಂದ ಹಿಡಿಯನ್ನು ಪೈಪಿಗೆ ಅಡ್ಡವಾಗಿ ತಿರುಗಿಸಿದರು. ಚಪ್ಪಾಳೆ ಬಿತ್ತು. ಫೋಟೋ ಕ್ಲಿಕ್ಕಾಯಿತು. ಮೆಷಿನ್ನಿನ ಗುಳುಗುಳು ನಿಂತಿತು.

“ಸದ್ದು ನಿಂತ್ಹೋಯ್ತಲ್ಲ,” ಎಂದಿತು ಯಾವುದೋ ಹೆಂಗಸಿನ ದನಿ.

“ಈಗ ನೋಡಿ, ಎಷ್ಟು ನಿಶ್ಶಬ್ದವಾಗಿ ಕೆಲಸ ಮಾಡ್ತಿದೆ,” ಎಂದರು ಫ್ರೇಮಿನವರು. “ಒಳ್ಳೇ ಮೆಷಿನ್ನಿನ ಲಕ್ಷಣವೇ ಅದು.”

ಆ ಫೋಟೋವನ್ನು ಅವರೇ ದೊಡ್ಡದು ಮಾಡಿಸಿ, ಚಿನ್ನದಂಚಿನ ಕಟ್ಟು ಹಾಕಿ, ಕೆಂಪು ಹಿಡಿಯ ನೆತ್ತಿಯ ಮೇಲೆಯೇ ಗೋಡೆಗೆ ನೇತುಹಾಕಿದರು. ಚಿತ್ರದಲ್ಲಿ ಅವರ ಕೈ ಹಿಡಿಯ ಮೇಲಿತ್ತು. ಅವರ ಸುತ್ತ ಇಡೀ ಬೀದಿ ಹಲ್ಲು ಬಿಟ್ಟು ಚಪ್ಪಾಳೆ ತಟ್ಟುತ್ತಿತ್ತು.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಪವಾಡ ಶುರುವಾಯಿತು. ಕಾರ್ಯದರ್ಶಿಯವರು ತಲೆ ಸವರಿಕೊಳ್ಳುತ್ತ ಬಂದು, “ರೇಷ್ಮೆ ಕಣ್ರೀ, ರೇಷ್ಮೆ,” ಎಂದರು. ಎದುರುಮನೆ ಅತ್ತೆಗೆ ಟವೆಲ್ಲು ಹೂವಿನಂತೆ ಕಂಡಿತು. ಬಲಗಡೆ ಮನೆಯ ಪ್ರೆಶರ್ ತಾತ, ರಕ್ತದೊತ್ತಡ ಬಂದ ಮೇಲೆ ಹೆಸರನ್ನೇ ಅದಕ್ಕೆ ಬಿಟ್ಟುಕೊಟ್ಟ ಹಿರಿಯರು, ಒಂದು ಲೋಟ ನೀರು ಕುಡಿದು, “ಗಂಟಲಲ್ಲಿ ಇಳಿದಿದ್ದೇ ಗೊತ್ತಾಗ್ಲಿಲ್ಲ,” ಎಂದರು. ಫ್ರೇಮಿನವರ ಮನೆಯಲ್ಲಿ ಮಾತ್ರ ಸೋಪು ಎಂದಿನಂತೆ ಒಡೆಯಿತು. ಸೋಪು ಹಳೆಯದು, ಹೊಸ ನೀರಿಗೆ ಒಗ್ಗಲು ಹೊತ್ತು ಬೇಕು ಎಂದು ಅವರು ಸೋಪಿಗೆ ಅವಕಾಶ ಕೊಟ್ಟು, ಹೆಂಡತಿಗೆ ಫೋನ್ ಮಾಡಿದರು.

“ನೀರು ಬೆಣ್ಣೆ ಆಗಿದೆ ಕಣೇ. ಇಡೀ ಬೀದಿ ಹೇಳ್ತಿದೆ.”

“ಬೀದಿ ಹೇಳೋದು ಬೇಡ. ಬೀದಿಗೆ ಬೇಕಾದಷ್ಟು ಕೂದಲಿದೆ. ಇಲ್ಲಿ ಅಣ್ಣನ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ. ಬರೋ ಭಾನುವಾರ ಬಿಟ್ಟು ಅದರಾಚೆ ಭಾನುವಾರ ಬಂದು ನಾನೇ ತಲೆಗೆ ಹಾಕ್ಕೊಂಡು ನೋಡ್ತೀನಿ. ಸರಿ ಇದ್ರೆ ಪೆಟ್ಟಿಗೆ ಇಳಿಸ್ತೀನಿ. ಇಲ್ದಿದ್ರೆ ಬಂದ ಕಾರಿನಲ್ಲೇ ವಾಪಸ್ಸು, ಮತ್ತೆ ಬಾ ಅಂತ ಕರೀಬೇಡಿ.”

“ಇಳಿಸೋಕೆ ನಾನೇ ನಿಂತಿರ್ತೀನಿ,” ಎಂದರು ಫ್ರೇಮಿನವರು.

ಉಪ್ಪಿನ ಮೊದಲೆರಡು ಮೂಟೆಗಳು ಯಾರ ಕಣ್ಣಿಗೂ ಬೀಳಲಿಲ್ಲ. ಫ್ರೇಮಿನ ಪಟ್ಟಿಗಳ ಜೊತೆ ತಳ್ಳುಗಾಡಿಯಲ್ಲಿ ಬಂದು ಡ್ರಮ್ಮು ಸೇರಿದವು. ಡ್ರಮ್ಮು ತುಂಬುತ್ತ ಬಂದದ್ದು ಫ್ರೇಮಿನವರಿಗೆ ಕಾಣಿಸದೆ ಇರಲಿಲ್ಲ. ‘ಮಿತಾಹಾರಿ ಮೆಷಿನ್ನು’ ಎಂದು ಮೆಚ್ಚಿಕೊಂಡರು. ಭಾನುವಾರದ ಪರೀಕ್ಷೆ ಹತ್ತಿರ ಬಂದಾಗ, ಯಾವುದಕ್ಕೂ ಇರಲಿ ಎಂದು ಇನ್ನೊಂದು ಮೂಟೆ ತರಲು ಹೊರಟರು. ತಳ್ಳುಗಾಡಿಯ ಚಕ್ರ ಕಳಚಿತ್ತು. ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದಾಗ, ಬೆಳಗಿನ ನಡಿಗೆಗೆ ಹೊರಟ ಪ್ರೆಶರ್ ತಾತ ಎದುರಾದರು.

“ಏನಪ್ಪಾ ಅದು?”

ಹೆಗಲ ಮೇಲೆ ಭಾರವಿದ್ದವನು ಚುಟುಕಾಗಿ ಮಾತಾಡುತ್ತಾನೆ.

“ಉಪ್ಪು.”

“ಇಷ್ಟೊಂದಾ? ಯಾವುದಕ್ಕೆ?”

“ನೀರಿಗೆ.”

“ಯಾವ ನೀರಿಗೆ?”

“ಬೀದಿ ನೀರಿಗೆ,” ಎಂದು ಫ್ರೇಮಿನವರು ಪಂಪ್ ಮನೆಯೊಳಗೆ ಹೋದರು.

ತಾತ ಅಲ್ಲಿಯೇ ನಿಂತರು. ಅವರು ಉಪ್ಪು ಬಿಟ್ಟು ವರ್ಷಗಳಾಗಿದ್ದವು. ಸೊಸೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ತೆರೆದರೆ ಅವರು ಹಜಾರದಲ್ಲಿ ಕೂತೇ ಎಚ್ಚರವಾಗುತ್ತಿದ್ದರು. ಅಂಥವರಿಗೆ ನಲ್ಲಿಯ ಮೂಲಕ ಉಪ್ಪು ತಿನ್ನಿಸಲಾಗುತ್ತಿದೆ. ಅವರು ನಡಿಗೆ ಬಿಟ್ಟು ಮನೆಗೆ ಹೋಗಿ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿಕೊಂಡರು. ಏರಿತ್ತು. ಏರಿದೆಯೆಂದು ಗಾಬರಿಯಾಗಿ ಮತ್ತೆ ನೋಡಿದರು. ಇನ್ನೂ ಏರಿತ್ತು. ಊಟದ ಹೊತ್ತಿಗೆ ಆ ಯಂತ್ರಕ್ಕೇ ಒತ್ತಡ ಬರುವಂತಾಯಿತು.

ಸುದ್ದಿಗೆ ಕಾಲಿಲ್ಲ ಎನ್ನುತ್ತಾರೆ. ಆ ಬೀದಿಯಲ್ಲಿ ಅದಕ್ಕೆ ಚಕ್ರವಿತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಪ್ರತಿ ಮನೆಯ ನಾಲಿಗೆಗೂ ಉಪ್ಪು ಹತ್ತಿತು. ರೇಷ್ಮೆಯಾಗಿದ್ದ ಕಾರ್ಯದರ್ಶಿಯವರ ನೆತ್ತಿ ಉಪ್ಪಿಗೆ ಉರಿಯತೊಡಗಿತು. ಒಬ್ಬರ ಮನೆಯ ಕುಂಡದ ಗಿಡ ಬಾಡಿತು. ಅದಕ್ಕೆ ಅವರು ನೀರು ಹಾಕದೆ ವಾರವಾಗಿತ್ತು ಎಂಬುದನ್ನು ಯಾರೂ ಕೇಳಲಿಲ್ಲ. ಎದುರುಮನೆಯ ಹೊಸ ಸೊಸೆಗೆ ಮಾತ್ರ ಇದು ವರವಾಗಿ ಬಂತು. ಮದುವೆಯಾದಾಗಿನಿಂದ ಅವಳ ಅಡುಗೆಯಲ್ಲಿ ಉಪ್ಪು ಒಂದು ಹಿಡಿ ಮುಂದೆ.

“ನಾನು ಉಪ್ಪೇ ಹಾಕಿಲ್ಲ ಅತ್ತೆ,” ಎಂದಳು ಆ ದಿನ, ನೆಲ ನೋಡುತ್ತ. “ನೀರಲ್ಲೇ ಬರ್ತಿದೆ.”

“ಅಯ್ಯೋ ಪಾಪ, ಮಗೂ,” ಎಂದರು ಅತ್ತೆ. “ಇಷ್ಟು ದಿನ ನಿನ್ನ ಬೈದೆನಲ್ಲೇ.”

ಶನಿವಾರ ಸಂಜೆ ಅಂಗಡಿಯ ಮುಂದೆ ಜನ ನೆರೆದರು.

“ಒಂದೇ ಮಾತಲ್ಲಿ ಹೇಳಿ,” ಎಂದರು ಕಾರ್ಯದರ್ಶಿ. “ಸಂಘದ ಪರವಾಗಿ ಕೇಳ್ತಿದ್ದೀನಿ. ಉಪ್ಪು ಹಾಕ್ತಿದ್ದೀರೋ ಇಲ್ವೋ?”

“ಹಾಕ್ತಿದ್ದೀನಿ. ಉಪ್ಪು ಹಾಕಿದ್ರೇ ನೀರು ಮೆದುವಾಗೋದು.”

“ಅದು ಹೇಗೆ?”

ಇಲ್ಲಿ ಇನ್ನೊಬ್ಬರಾಗಿದ್ದರೆ ಬೇರೆ ಮಾತು ಹೇಳುತ್ತಿದ್ದರು. ಫ್ರೇಮಿನವರು ಉಸಿರೆಳೆದುಕೊಂಡರು. “ನೋಡಿ, ಎಳೇ ಕಾಯಿ ಎಷ್ಟು ಗಟ್ಟಿ ಇರುತ್ತೆ? ಉಪ್ಪು ಹಾಕಿ ಜಾಡಿಯಲ್ಲಿಟ್ಟರೆ ನಾಲ್ಕು ದಿನಕ್ಕೆ ಮೆತ್ತಗಾಗಲ್ವಾ? ಇದೂ ಅದೇ ತತ್ವ.”

“ಅಂದ್ರೆ,” ಎಂದರು ಪ್ರೆಶರ್ ತಾತ ನಿಧಾನವಾಗಿ, “ನಮ್ಮನ್ನೆಲ್ಲ ಉಪ್ಪಿನಕಾಯಿ ಹಾಕ್ತಿದ್ದೀಯ.”

ಆಮೇಲೆ ಮಾತು ಯಾರದು, ಯಾರಿಗೆ ಎಂಬುದೇ ತಿಳಿಯಲಿಲ್ಲ. ತಿಳಿದದ್ದು ಒಂದೇ: ನಾಳೆ ಭಾನುವಾರವಾದರೂ ಬೆಳಿಗ್ಗೆ ನಗರದ ನೀರಿನ ಕಚೇರಿಯಿಂದ ಇಂಜಿನಿಯರ್ ಬಂದು ಮೆಷಿನ್ನಿಗೆ ಸೀಲು ಹಾಕುತ್ತಾರೆ.

“ನಾಳೆ ಬೇಡ,” ಎಂದರು ಫ್ರೇಮಿನವರು. ಅವರ ದನಿ ಮೊದಲ ಸಲ ಸ್ವಲ್ಪ ಕೆಳಗಿಳಿಯಿತು. “ನಾಡಿದ್ದು ಹಾಕ್ಲಿ. ನಾಳೆ ಅವಳು ಬರ್ತಾಳೆ.”

“ಬರ್ಲಿ. ಅವರಿಗೂ ಉಪ್ಪಿನ ನೀರು ಯಾಕೆ?” ಎಂದು ಕಾರ್ಯದರ್ಶಿ ಹೊರಟುಹೋದರು.

ಬೇರೆ ದಾರಿ ಕಾಣದೆ ಫ್ರೇಮಿನವರು ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. ನಾಳೆ ಬೇರೆ ಮನೆಗೆ ಹೋಗಬೇಕು, ದಾರಿಯಲ್ಲಿ ಹೀಗೆ ಬಂದು ಹಾಗೆ ಹೋಗುತ್ತೇನೆ ಎಂದ ಅವನು.

ಭಾನುವಾರ ಎಲ್ಲರೂ ಒಟ್ಟಿಗೇ ಬಂದರು. ಮೊದಲು ಬಂದದ್ದು ಹೆಂಡತಿಯ ಅಣ್ಣನ ಕಾರು. ಈ ಅಣ್ಣ ಎಂದರೆ ತಮ್ಮ ಮನೆಯ ನೀರಿನ ವಿಷಯದಲ್ಲಿ ಮಹಾ ಅಭಿಮಾನಿ. ಬರುವಾಗಲೂ ಒಂದು ಬಾಟಲಿಯಲ್ಲಿ ಅದನ್ನೇ ತಂದಿದ್ದರು.

“ಪೆಟ್ಟಿಗೆ ಹಿಂದುಗಡೆ ಇರ್ಲಿ ಭಾವ,” ಎಂದರು ಅವರು, ಇಳಿಯದೆ. “ಮುಟ್ಟಬೇಡಿ. ಮೊದಲು ಸ್ನಾನ, ಆಮೇಲೆ ಸಾಮಾನು.”

ಹೆಂಡತಿ ಇಳಿದರು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಸೊರಗಿದ್ದೀರಿ,” ಎಂದರು. ಹೆಗಲಿಗೆ ಅಂಟಿದ್ದ ಬಿಳಿಯದನ್ನು ಬೆರಳಲ್ಲಿ ಒರೆಸಿ ನೋಡಿ, ಏನೂ ಕೇಳದೆ ಸೋಪಿನ ಡಬ್ಬಿ, ಟವೆಲ್ಲು ಹಿಡಿದು ಒಳಗೆ ಹೋದರು. ಬಚ್ಚಲಿನ ಚಿಲಕ ಬಿದ್ದ ಸದ್ದು, ಬಕೆಟ್ಟಿಗೆ ನೀರು ಬಿದ್ದ ಸದ್ದು ಅಂಗಡಿಯವರೆಗೆ ಕೇಳಿಸಿತು.

ಅದೇ ಹೊತ್ತಿಗೆ ಬೀದಿಯ ಆ ಕಡೆಯಿಂದ ಕಾರ್ಯದರ್ಶಿ, ತಾತ, ಎದುರುಮನೆ ಅತ್ತೆ ಸೊಸೆ ಮೊದಲಾಗಿ ಎಲ್ಲರೂ ಇಂಜಿನಿಯರರನ್ನು ಮುಂದಿಟ್ಟುಕೊಂಡು ಬಂದರು. ಇಂಜಿನಿಯರರ ಕೈಯಲ್ಲಿ ಸೀಲು ಹಾಕುವ ತಂತಿ, ಅರಗು. ಪಂಪ್ ಮನೆಯ ಬಾಗಿಲಲ್ಲಿ ಅವರ ಕೈಗೆ ಒಂದು ಲೋಟ ನೀರು ಕೊಟ್ಟರು. ಅವರು ಒಂದು ಗುಟುಕು ಕುಡಿದರು. ಇಡೀ ಬೀದಿ ಅವರ ಗಂಟಲನ್ನೇ ನೋಡುತ್ತಿತ್ತು.

“ಸ್ವಲ್ಪ... ಉಪ್ಪು ಅನ್ನಿಸ್ತಿದೆ,” ಎಂದರು ಇಂಜಿನಿಯರ್. ಅಷ್ಟು ಕಣ್ಣುಗಳ ಎದುರು ಸಕ್ಕರೆ ಕೊಟ್ಟಿದ್ದರೂ ಹಾಗೇ ಅನ್ನಿಸುತ್ತಿತ್ತು.

“ಕೇಳಿದ್ರಾ?” ಎಂದರು ಕಾರ್ಯದರ್ಶಿ.

“ಸಾರ್, ಉಪ್ಪಿಂದಲೇ ಇದು ಮೆದುವಾಗೋದು. ನೀರಿನ ಕಚೇರಿಯವರು ನೀವು, ನಿಮಗೆ ಗೊತ್ತಿರುತ್ತೆ,” ಎಂದರು ಫ್ರೇಮಿನವರು.

“ನಾನು ಪೈಪಿನ ಕಡೆಯವನು,” ಎಂದರು ಇಂಜಿನಿಯರ್. “ಪೈಪಿನ ಒಳಗಿರೋ ನೀರಿನ ಕಡೆಯವರು ಬೇರೆ. ಅವರು ರಜದಲ್ಲಿದ್ದಾರೆ. ಎಲ್ಲಿ, ಸೀಲು ಎಲ್ಲಿಗೆ ಹಾಕಬೇಕು?”

ಫ್ರೇಮಿನವರು ಬಾಗಿಲಿಗೆ ಅಡ್ಡ ನಿಂತರು. “ಸ್ನಾನ ಮುಗೀಲಿ,” ಎಂದರು.

“ಯಾರ ಸ್ನಾನ?”

“ನನ್ನ ಹೆಂಡತೀದು.”

ಸರಕಾರಿ ಕೆಲಸಕ್ಕೆ ಹೀಗೊಂದು ತಡೆ ಬರಬಹುದೆಂದು ಇಂಜಿನಿಯರರಿಗೆ ಯಾರೂ ಕಲಿಸಿರಲಿಲ್ಲ. ಅವರು ತಂತಿ ಹಿಡಿದು ನಿಂತಿದ್ದಾಗಲೇ ಸ್ಕೂಟರ್ ಸದ್ದಾಯಿತು. ಮೆಕ್ಯಾನಿಕ್ ಹೆಲ್ಮೆಟ್ ತೆಗೆಯದೆ ಜನರ ನಡುವೆ ತೂರಿಕೊಂಡು ಒಳಗೆ ಬಂದ, ಡ್ರಮ್ಮಿನ ಮುಚ್ಚಳ ಎತ್ತಿದ.

“ಇದೇನ್ ಸಾರ್, ಉಪ್ಪೆಲ್ಲಾ ಇಲ್ಲೇ ಇದೆ.”

ಎಲ್ಲರೂ ಬಗ್ಗಿ ನೋಡಿದರು. ಡ್ರಮ್ಮಿನ ಕಂಠದವರೆಗೆ ಉಪ್ಪು ಬೆಳ್ಳಗೆ, ಒಣಗಿ, ಹಾಕಿದ್ದು ಹಾಕಿದ ಹಾಗೇ ಕೂತಿತ್ತು. ಮೇಲಿನ ಪದರದಲ್ಲಿ ಫ್ರೇಮಿನವರ ಬೆರಳಿನ ಗುರುತುಗಳೂ ಇದ್ದವು.

“ಒಂದು ಹರಳೂ ಕರಗಿಲ್ಲ,” ಎಂದ ಮೆಕ್ಯಾನಿಕ್. “ನೀರಿಗೆ ಉಪ್ಪು ಹೋಗೇ ಇಲ್ಲ.”

ಇಂಜಿನಿಯರ್ ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡರು.

“ಹಾಗಾದ್ರೆ ನನ್ನ ಪ್ರೆಶರು?” ಎಂದರು ತಾತ.

ಎದುರುಮನೆ ಅತ್ತೆಯ ಕತ್ತು ಮೆಲ್ಲಗೆ ಸೊಸೆಯ ಕಡೆ ತಿರುಗಿತು. ಸೊಸೆ ಆಗಲೇ ಬಾಗಿಲಿನ ಕಡೆ ತಿರುಗಿದ್ದಳು.

ಮೆಕ್ಯಾನಿಕ್ ಪೈಪಿನ ಹತ್ತಿರ ಬಂದು ಕೆಂಪು ಹಿಡಿ ನೋಡಿದ. “ಇದನ್ನ ಯಾರು ಅಡ್ಡ ತಿರುಗಿಸಿದ್ದು? ಇದು ಪೈಪಿನ ಉದ್ದಕ್ಕಿದ್ರೆ ನೀರು ಮೆಷಿನ್ನೊಳಗೆ ಹೋಗುತ್ತೆ. ಅಡ್ಡ ಮಾಡಿದ್ರೆ ಮೆಷಿನ್ನು ಬಿಟ್ಟು ಸೀದಾ ಮನೆಗಳಿಗೆ ಹೋಗುತ್ತೆ. ನಾನು ಉದ್ದಕ್ಕೇ ಇಟ್ಟು ಹೋಗಿದ್ದೆ. ಯಾರ್ ಮುಟ್ಟಿದ್ದು?”

ಉತ್ತರವನ್ನು ಗೋಡೆ ಹೇಳಿತು. ಮೆಕ್ಯಾನಿಕ್ ತಲೆ ಎತ್ತಿದ. ಹಿಡಿಯ ನೆತ್ತಿಯ ಮೇಲೆ, ಚಿನ್ನದಂಚಿನ ಕಟ್ಟಿನೊಳಗೆ, ಧೂಳು ಬೀಳದ ಗಾಜಿನ ಹಿಂದೆ, ಫ್ರೇಮಿನವರು ಹಿಡಿ ತಿರುಗಿಸುತ್ತಿದ್ದರು. ಕಾರ್ಯದರ್ಶಿ ಚಪ್ಪಾಳೆ ತಟ್ಟುತ್ತಿದ್ದರು. ತಾತ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ, ಸೊಸೆ, ಎಲ್ಲರೂ ತಟ್ಟುತ್ತಿದ್ದರು. ಕಟ್ಟು ಅಷ್ಟು ಚೊಕ್ಕವಾಗಿತ್ತು, ಒಂದು ಮುಖವೂ ಅಂಚಿನಲ್ಲಿ ಕತ್ತರಿಸಿ ಹೋಗಿರಲಿಲ್ಲ.

“ಇಷ್ಟು ದಿನ ಬಂದಿದ್ದು ನಿಮ್ಮ ಹಳೇ ನೀರೇ,” ಎಂದ ಮೆಕ್ಯಾನಿಕ್.

ಕಾರ್ಯದರ್ಶಿಯವರ ಕೈ ತಾನಾಗಿಯೇ ನೆತ್ತಿಗೆ ಹೋಯಿತು. ರೇಷ್ಮೆಯೂ ಸುಳ್ಳು, ಉರಿಯೂ ಸುಳ್ಳು. ಮನುಷ್ಯನಿಗೆ ಸ್ವಂತ ತಲೆಯ ಮೇಲೆಯೇ ನಂಬಿಕೆ ಹೋದರೆ ಉಳಿಯುವುದೇನು.

ಮೆಕ್ಯಾನಿಕ್ ಹಿಡಿಯನ್ನು ಉದ್ದಕ್ಕೆ ತಿರುಗಿಸಿದ. ಮೆಷಿನ್ನು ಗುಳುಗುಳು ಎಂದಿತು. ಆಮೇಲೆ ಜೇಬಿನಿಂದ ದಪ್ಪ ಪೆನ್ನು ತೆಗೆದು ಫೋಟೋದ ಗಾಜಿನ ಮೇಲೆಯೇ ಬರೆದ: ‘ಹೀಗೆ ತಿರುಗಿಸಬಾರದು.’

“ಒಂದು ನಿಮಿಷ,” ಎಂದರು ಇಂಜಿನಿಯರ್, ತಂತಿ ಸುತ್ತಿಟ್ಟುಕೊಳ್ಳುತ್ತ. “ಅಷ್ಟಕ್ಕೂ ಈ ಉಪ್ಪು ಯಾಕೆ?”

“ಗೊತ್ತಿಲ್ಲ ಸಾರ್,” ಎಂದ ಮೆಕ್ಯಾನಿಕ್. “ಹಾಕಿಸಿ ಅಂತ ಹೇಳ್ಕೊಟ್ಟಿದ್ದಾರೆ, ಹಾಕಿಸ್ತೀನಿ. ಹಾಕಿದ್ರೆ ಮೆದುವಾಗುತ್ತೆ. ಅಷ್ಟು ಮಾತ್ರ ಗ್ಯಾರಂಟಿ.”

ಫ್ರೇಮಿನವರು ಅವನನ್ನೇ ನೋಡಿದರು. ಆ ಮಾತು ಹೇಳಿದ ಮೇಲೂ ತಗಡಿನ ಸೂರು ಅಲ್ಲೇ ಇತ್ತು. ನೆಲ ಬಾಯಿ ಬಿಟ್ಟಿರಲಿಲ್ಲ. ಯಾರೂ ನಕ್ಕಿರಲಿಲ್ಲ. ಇಂಜಿನಿಯರ್ “ಹೌದಾ” ಎಂದರು, ಮೆಕ್ಯಾನಿಕ್ ಸ್ಕೂಟರ್ ಹತ್ತಿದ, ಲೋಕ ಮುಂದಕ್ಕೆ ಹೋಯಿತು.

ಆಗ ಬಚ್ಚಲಿನ ಚಿಲಕ ತೆಗೆದ ಸದ್ದಾಯಿತು.

ಇಡೀ ಬೀದಿ ಪಂಪ್ ಮನೆಯಿಂದ ಅಂಗಡಿಯ ಮುಂದಕ್ಕೆ ಸರಿಯಿತು. ಹೆಂಡತಿ ತಲೆಗೆ ಟವೆಲ್ಲು ಸುತ್ತಿಕೊಂಡು ಬಾಗಿಲಲ್ಲಿ ಬಂದು ನಿಂತರು. ಇಷ್ಟು ಜನ ಯಾಕೆಂದು ಅವರು ಕೇಳಲಿಲ್ಲ. ಅವರದ್ದೇ ಒಂದು ಪ್ರಶ್ನೆಯಿತ್ತು.

“ಮೊದಲನೇ ಬಕೆಟ್ಟಿಗೆ ಸೋಪು ಒಡೆದುಹೋಯ್ತು. ಅಣ್ಣಾ ಕಾರು ತಿರುಗಿಸು ಅಂತ ಬಚ್ಚಲಿಂದಲೇ ಕೂಗೋಳಿದ್ದೆ. ಆಗಿದ್ದಾಗ್ಲಿ ಅಂತ ಇನ್ನೊಂದು ಬಕೆಟ್ಟು ತುಂಬಿಸಿದ್ರೆ, ನೊರೆ ಕಣ್ಣು ಮೂಗು ಎಲ್ಲಾ ಮುಚ್ಚಿಬಿಡ್ತು. ತೊಳೆದಷ್ಟೂ ಜಾರುತ್ತೆ, ಹೋಗೋದೇ ಇಲ್ಲ. ಮಧ್ಯದಲ್ಲಿ ಏನಾಯ್ತು?”

ಫ್ರೇಮಿನವರು ಬಾಯಿ ತೆರೆಯುವ ಮೊದಲೇ ಪ್ರೆಶರ್ ತಾತ ಮುಂದೆ ಬಂದರು.

“ಉಪ್ಪು ಸ್ವಲ್ಪ ಕಮ್ಮಿಯಾಗಿತ್ತಮ್ಮ. ಈಗ ಸರಿಮಾಡಿದ್ವಿ.”

“ಸ್ವಲ್ಪ ಏನು, ಬಹಳ ಕಮ್ಮಿಯಾಗಿತ್ತು,” ಎಂದರು ಕಾರ್ಯದರ್ಶಿ. “ಸಂಘದ ಪರವಾಗಿ ನಾವೆಲ್ಲ ನಿಂತು ನೋಡಿಕೊಂಡ್ವಿ.”

“ನಿಮ್ಮ ಯಜಮಾನರು ಹೊತ್ತು ಹೊತ್ತು ಹಾಕಿದ್ದಾರೆ ಪಾಪ,” ಎಂದರು ಎದುರುಮನೆ ಅತ್ತೆ. ಎಲ್ಲರೂ ತಲೆಯಾಡಿಸಿದರು. ಚಿತ್ರದಲ್ಲಿ ಚಪ್ಪಾಳೆ ತಟ್ಟಿದವರು ಒಬ್ಬರೂ ಸಾಲು ತಪ್ಪಲಿಲ್ಲ.

“ಉಪ್ಪಾ?” ಹೆಂಡತಿ ಗಂಡನ ಕಡೆ ತಿರುಗಿದರು. “ಉಪ್ಪಿಗೂ ನೊರೆಗೂ ಎಲ್ಲಿಂದೆಲ್ಲಿಗೆ ಸಂಬಂಧ ರೀ? ಉಪ್ಪು ಹಾಕಿದ್ರೆ ನೀರು ಹೇಗೆ ಮೆತ್ತಗಾಗುತ್ತೆ?”

ಬೀದಿಯೂ ಕಿವಿ ಚುರುಕು ಮಾಡಿಕೊಂಡಿತು. ಅದಕ್ಕೂ ಅದು ಬೇಕಾಗಿತ್ತು. ಇಂಜಿನಿಯರರೂ ಗೇಟಿನಲ್ಲಿ ನಿಂತರು. ಫ್ರೇಮಿನವರ ನಾಲಿಗೆಯ ತುದಿಗೆ ಚಂದ್ರ ಬಂದ, ಪೈಪಿನ ತುಕ್ಕು ಬಂತು, ಜಾಡಿಯಲ್ಲಿದ್ದ ಎಳೇ ಕಾಯಿಯೂ ಬಂತು. ಮೂರೂ ಬಾಗಿಲಲ್ಲಿ ನಾ ಮುಂದು ತಾ ಮುಂದು ಎಂದು ನೂಕಾಡಿದವು. ಅವರು ಮೂರನ್ನೂ ನುಂಗಿಕೊಂಡರು.

“ಗೊತ್ತಿಲ್ಲ,” ಎಂದರು.

ಹೆಂಡತಿ ಟವೆಲ್ಲು ಬಿಚ್ಚುತ್ತಿದ್ದ ಕೈ ನಿಲ್ಲಿಸಿದರು.

“ಏನಂದ್ರಿ?”

“ಗೊತ್ತಿಲ್ಲ ಕಣೇ.”

“ಇನ್ನೊಂದ್ಸಲ ಹೇಳಿ.”

“ಗೊತ್ತಿಲ್ಲ ಅಂದೆನಲ್ಲ. ಯಾಕೆ ಮೆತ್ತಗಾಗುತ್ತೋ, ನಿಜವಾಗ್ಲೂ ನಂಗೆ ಗೊತ್ತಿಲ್ಲ.”

ಹೆಂಡತಿ ಅವರ ಮುಖವನ್ನು ಸ್ವಲ್ಪ ಹೊತ್ತು, ಹೊಸದಾಗಿ ಕಟ್ಟು ಹಾಕಿ ತಂದ ಹಳೆಯ ಫೋಟೋ ನೋಡುವಂತೆ ನೋಡಿದರು. ಆಮೇಲೆ ಕಾರಿನ ಕಡೆ ತಿರುಗಿದರು.

“ಅಣ್ಣಾ, ಪೆಟ್ಟಿಗೆ ಇಳಿಸು.”

“ನೀರು ಸರಿ ಇದ್ಯೇನೇ? ನಮ್ಮನೆ ನೀರಿನಷ್ಟು ಇದ್ಯಾ?” ಎಂದರು ಅಣ್ಣ, ಬಾಟಲಿ ಎತ್ತಿ ತೋರಿಸುತ್ತ.

“ನೀರಿನ ಮಾತು ಹಾಗಿರ್ಲಿ. ನೀನು ಮೊದ್ಲು ಪೆಟ್ಟಿಗೆ ಇಳಿಸು.”

ಆ ಪೆಟ್ಟಿಗೆಯನ್ನು ಫ್ರೇಮಿನವರು ಯಾರಿಗೂ ಬಿಡದೆ ಅದೇ ಹೆಗಲ ಮೇಲೆ ಹೊತ್ತು ಒಳಗಿಟ್ಟರು. ಅರ್ಧ ರಾಜ್ಯಕ್ಕಿಂತ ಅದೇನೂ ಕಡಿಮೆ ತೂಕದ್ದಾಗಿರಲಿಲ್ಲ.

ಈಗ ಆ ಬೀದಿಯ ನಲ್ಲಿಗಳ ಗಡ್ಡ ಬೋಳಿಸಿಯಾಗಿದೆ, ಷವರುಗಳು ಗೋಡೆ ಬಿಟ್ಟು ಮನುಷ್ಯರ ಮೇಲೆ ಸುರಿಯುತ್ತವೆ. ಉಪ್ಪಿನ ಮೂಟೆ ಬಂದ ದಿನ ಇಳಿಸಲು ತಾತನೇ ಮೊದಲು ಓಡುತ್ತಾರೆ. ಪಂಪ್ ಮನೆಯಲ್ಲಿ ಚಿನ್ನದಂಚಿನ ಚಿತ್ರ ಹಾಗೇ ಇದೆ. ಗಾಜಿನ ಮೇಲಿನ ಬರಹವನ್ನು ಯಾರೂ ಒರೆಸಿಲ್ಲ. ಒಂದು ತೊಂದರೆ ಮಾತ್ರ ಉಳಿದುಕೊಂಡಿದೆ. ಆ ಒಂದು ಪದಕ್ಕೆ ಪೆಟ್ಟಿಗೆಯೇ ಇಳಿಯಿತೆಂದ ಮೇಲೆ ಅದರ ಮಹಿಮೆ ಎಷ್ಟಿರಬೇಕೆಂದು ಫ್ರೇಮಿನವರಿಗೆ ಮನದಟ್ಟಾಗಿಬಿಟ್ಟಿದೆ. ಅಂಗಡಿಯ ಮುಂದೆ ನಿಂತು ಯಾರು ದಾರಿ ಕೇಳಿದರೂ ಎದೆಯುಬ್ಬಿಸಿ, ತುಂಬು ವಿಶ್ವಾಸದಿಂದ “ಗೊತ್ತಿಲ್ಲ” ಎನ್ನುತ್ತಾರೆ. ಕೇಳಿದ್ದು ಅವರದೇ ಅಂಗಡಿಯ ದಾರಿಯಾಗಿದ್ದರೆ, ಒಳಗಿನಿಂದ ಹೆಂಡತಿ ಕೂಗಿ ಹೇಳಬೇಕಾಗುತ್ತದೆ.